ನೆವೆರಾ ಕಾರನ್ನು ಪೆನ್ಸಿಲ್ ಹಿಡಿದು ಓದುವುದು ಹೇಗೆ

ಇಪ್ಪತ್ತಾರು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಮೆಷಿನ್ ಡ್ರಾಯಿಂಗ್ ಕಲಿಸಿದೆ. ಯಾವ ಯಂತ್ರವೇ ಆಗಲಿ, ಅದನ್ನು ಕೈಯಾರೆ ಒಮ್ಮೆ ಬರೆಯದೆ ಅದು ನಮಗೆ ಒಲಿಯುವುದಿಲ್ಲ ಎಂದು ನಂಬಿದ್ದೇನೆ. ಫೋಟೊ ನೋಡಿ ಬೆರಗಾಗಬಹುದು, ವಿಡಿಯೊ ನೋಡಿ ರೋಮಾಂಚನಗೊಳ್ಳಬಹುದು. ಆದರೆ ಒಂದು ಗೆರೆ ಅಲ್ಲೇ ಏಕೆ ಬಾಗಿತು ಎಂಬ ಪ್ರಶ್ನೆ ಪೆನ್ಸಿಲ್ ಕೈಯಲ್ಲಿ ಇದ್ದಾಗ ಮಾತ್ರ ಏಳುತ್ತದೆ.

ಕ್ರೊಯೇಷಿಯಾದ ನೆವೆರಾ ಎಂಬ ಅತಿವೇಗದ ವಿದ್ಯುತ್ ಕಾರನ್ನು ಮೊದಲ ಸಲ ಬರೆಯಲು ಕುಳಿತಾಗ ಎಲ್ಲರೂ ಮಾಡುವಂತೆ ಮೂತಿಯಿಂದ ಶುರುಮಾಡಿದೆ. ಬಾನೆಟ್ಟು, ಗಾಜು, ಚಾವಣಿ, ಬಾಲ ಎಂದು ಎರಡು ಗಂಟೆಯಲ್ಲಿ ಚೆಂದದ ಹೊರಗೆರೆ ಸಿದ್ಧವಾಯಿತು. ಆಮೇಲೆ ಒಳಗೆ ಬ್ಯಾಟರಿ ಇಡಲು ಹೋದರೆ ಜಾಗವಿಲ್ಲ, ಚಾಲಕನನ್ನು ಕೂರಿಸಿದರೆ ತಲೆ ಚಾವಣಿಯನ್ನು ದಾಟಿ ಹೊರಗೆ. ಇಡೀ ಹಾಳೆಯನ್ನು ಅಳಿಸಿದೆ. ಆ ಕಾರನ್ನು ಹೊರಗಿನಿಂದ ಒಳಕ್ಕೆ ಯೋಚಿಸಿಯೇ ಇರಲಿಲ್ಲ ಎಂದು ಗೊತ್ತಾದದ್ದು ಅಳಿಸುವಾಗಲೇ. ಬ್ಯಾಟರಿ ಮೊದಲು, ಮನುಷ್ಯ ಆಮೇಲೆ, ಚರ್ಮ ಕೊನೆಗೆ. ಅದನ್ನು ಕಟ್ಟಿದ ಕಂಪನಿ ಬೆಳೆದದ್ದೂ ಇದೇ ಕ್ರಮದಲ್ಲಿ. ಆದ್ದರಿಂದ ಈ ಬರಹದಲ್ಲಿ ಚಿತ್ರ ಬರೆಯುವ ವಿಧಾನವನ್ನು ಹೇಳುತ್ತಲೇ, ಪ್ರತಿಯೊಂದು ಗೆರೆಯ ಹಿಂದಿರುವ ಆ ಪುಟ್ಟ ದೇಶದ ಸಂಗತಿಯನ್ನೂ ಹೇಳುತ್ತೇನೆ.

ಹಾಳೆ, ಪೆನ್ಸಿಲ್, ಅಳತೆ

ಎ2 ಹಾಳೆ ತೆಗೆದುಕೊಳ್ಳಿ. 594 ಮಿಲಿಮೀಟರ್ ಉದ್ದ, 420 ಅಗಲ. ಸುತ್ತ 10 ಮಿಲಿಮೀಟರ್ ಅಂಚು ಬಿಡಿ. ಸ್ಕೇಲು 1:10 ಇರಲಿ. ಕಾರಿನ ಉದ್ದ 4,750 ಮಿಲಿಮೀಟರ್, ಹಾಳೆಯ ಮೇಲೆ 475. ಎತ್ತರ 1,208, ಅಂದರೆ 120.8. ಅಗಲ 1,986, ಅಂದರೆ 198.6. ಮೇಲ್ಭಾಗದಲ್ಲಿ ಪಕ್ಕನೋಟ, ಅದರ ಕೆಳಗೆ ಮೇಲ್ನೋಟ ಆರಾಮವಾಗಿ ಕೂರುತ್ತವೆ. ಎರಡನ್ನೂ ಎಡಕ್ಕೆ ಸರಿಸಿ ಬರೆದರೆ ಬಲಗಡೆ ಸುಮಾರು 85 ಮಿಲಿಮೀಟರ್ ಪಟ್ಟಿ ಉಳಿಯುತ್ತದೆ. ಟಿಪ್ಪಣಿಗೂ, ಚಿತ್ರದ ವಿವರ ಬರೆಯುವ ಚೌಕವಾದ ಟೈಟಲ್ ಬ್ಲಾಕಿಗೂ ಅದು ಬೇಕಾಗುತ್ತದೆ.

ಹಗುರ ಗೆರೆಗೆ 2ಎಚ್, ಕೊನೆಯ ಗೆರೆಗೆ ಎಚ್‌ಬಿ. ಸೀಸದ ಕಡ್ಡಿಯನ್ನು ಒತ್ತಿ ಹೊರತೆಗೆಯುವ ಮೆಕ್ಯಾನಿಕಲ್ ಪೆನ್ಸಿಲ್ ನಿಮ್ಮ ಬಳಿ ಇದ್ದರೆ ಅದನ್ನೇ ಬಳಸಿ ಎಂದು ಒತ್ತಾಯಿಸುತ್ತೇನೆ. 1906ರಲ್ಲಿ ಅಂಥ ಪೆನ್ಸಿಲಿಗೆ ಪೇಟೆಂಟ್ ಪಡೆದ ಸ್ಲಾವೊಲ್ಯುಬ್ ಪೆಂಕಲಾ ಇದ್ದದ್ದು ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್‌ನಲ್ಲಿ. ಮರುವರ್ಷ ಗಟ್ಟಿ ಶಾಯಿಯ ಫೌಂಟನ್ ಪೆನ್ನು, 1910ರಲ್ಲಿ ತಾನೇ ಕಟ್ಟಿದ ವಿಮಾನ. ಕ್ರೊಯೇಷಿಯಾದಲ್ಲಿ ಇಂದಿಗೂ ಪೆನ್ನಿಗೆ 'ಪೆಂಕಲಾ' ಎನ್ನುವವರಿದ್ದಾರೆ. ಒಬ್ಬ ಮನುಷ್ಯನ ಹೆಸರು ವಸ್ತುವಿನ ಹೆಸರಾಗಿ ಜನರ ಬಾಯಲ್ಲಿ ಉಳಿಯುವುದಕ್ಕಿಂತ ದೊಡ್ಡ ಗೌರವ ಒಬ್ಬ ಎಂಜಿನಿಯರಿಗೆ ಯಾವುದಿದೆ?

ಹೆಸರುಗಳ ಉಚ್ಚಾರವನ್ನೂ ಮೊದಲೇ ಸರಿಮಾಡಿಕೊಳ್ಳೋಣ. ನೆವೆರಾವನ್ನು ತಯಾರಿಸಿದ ರಿಮಾಟ್ಸ್ ಕಂಪನಿ ಕಟ್ಟಿದವರು ಮಾಟೆ ರಿಮಾಟ್ಸ್. ನಮ್ಮಲ್ಲಿ 'ರಿಮ್ಯಾಕ್' ಎಂದು ಬರೆಯುವ ರೂಢಿ ಬಿದ್ದಿದೆ. ಕ್ರೊಯೇಷಿಯನ್ ಕನ್ನಡದ ಹಾಗೆ ಬರೆದಂತೆ ಓದುವ ಭಾಷೆ, ಅದರಲ್ಲಿ ರೋಮನ್ 'ಸಿ' ಅಕ್ಷರಕ್ಕೆ ಯಾವಾಗಲೂ 'ಟ್ಸ್' ಎಂಬ ದನಿ. ಕಂಪನಿ ಇರುವ ಊರು ಸ್ವೇತಾ ನೆದೆಲ್ಯಾ, ಅರ್ಥ ಪವಿತ್ರ ಭಾನುವಾರ. ನೆವೆರಾ ಎಂದರೆ ಏಡ್ರಿಯಾಟಿಕ್ ಕರಾವಳಿಯಲ್ಲಿ ಮುನ್ಸೂಚನೆಯೇ ಇಲ್ಲದೆ ಏಳುವ, ಮಿಂಚು ಗುಡುಗುಗಳ ಬಿರುಗಾಳಿ. ಆ ಹೆಸರು ನೆನಪಿನಲ್ಲಿರಲಿ, ಗೆರೆ ಎಳೆಯುವಾಗ ಕೈಗೆ ಅದು ಏನನ್ನೋ ಹೇಳುತ್ತದೆ.

ನೆಲದಿಂದ ಶುರು

ಮೊದಲು ನೆಲದ ಗೆರೆ ಎಳೆಯಿರಿ. ಅದರ ಮೇಲೆ ಎರಡು ಅಚ್ಚುಗಳ ಕೇಂದ್ರ ಗುರುತಿಸಿ. ಅವುಗಳ ನಡುವಿನ ದೂರ, ಅಂದರೆ ಚಕ್ರಾಂತರ, 2,745 ಮಿಲಿಮೀಟರ್, ಹಾಳೆಯಲ್ಲಿ 274.5. ಮುಂದಿನ ಚಕ್ರಕ್ಕೆ 35 ಮಿಲಿಮೀಟರ್ ತ್ರಿಜ್ಯ ಸಾಕು, ಹಿಂದಿನದಕ್ಕೆ 36. ರಿಮ್ಮು 20 ಅಂಗುಲ, ಆದ್ದರಿಂದ ಒಳವೃತ್ತದ ವ್ಯಾಸ 50.8. ನಾಲ್ಕು ವೃತ್ತಗಳು ಮುಗಿದಾಗ ಹಾಳೆಯ ಮೇಲೆ ಕಾರಿನ ನಿಲುವು ಆಗಲೇ ಕಾಣತೊಡಗುತ್ತದೆ. ಎರಡು ಅಚ್ಚುಗಳ ನಡುವಿನ ದೂರ ಸುಮಾರು ನಾಲ್ಕು ಚಕ್ರಗಳಷ್ಟು.

ಮೂತಿ ಮುಂದಕ್ಕೆ ಎಷ್ಟು ಚಾಚಿದೆ, ಬಾಲ ಹಿಂದಕ್ಕೆ ಎಷ್ಟು ಎಂಬುದನ್ನು ಪಕ್ಕದ ಫೋಟೊದಿಂದ ತೆಗೆಯಬೇಕು. ಎರಡೂ ಸೇರಿ 2,005 ಮಿಲಿಮೀಟರ್ ಇರಲೇಬೇಕು, ಅದನ್ನು ಫೋಟೊದ ಅನುಪಾತದಲ್ಲಿ ಹಂಚಿ. ಇಲ್ಲಿ ಒಂದು ಎಚ್ಚರಿಕೆ. ಹತ್ತಿರ ನಿಂತು ತೆಗೆದ ಫೋಟೊ ಸುಳ್ಳು ಹೇಳುತ್ತದೆ. ಫೋಟೊದಲ್ಲಿ ಕಾರಿನ ಉದ್ದವನ್ನು ಚಕ್ರಾಂತರದಿಂದ ಭಾಗಿಸಿ ನೋಡಿ. 1.73ರ ಆಸುಪಾಸು ಬಂದರೆ ಆ ಫೋಟೊ ನಂಬಿಕೆಗೆ ಅರ್ಹ. 1.70ಕ್ಕಿಂತ ಕಡಿಮೆ ಅಥವಾ 1.76ಕ್ಕಿಂತ ಹೆಚ್ಚು ಬಂದರೆ ಬೇರೆ ಫೋಟೊ ಹುಡುಕಿ. ಎರಡೂ ಚಕ್ರಗಳು ನಿಜವಾದ ವೃತ್ತಗಳಾಗಿ ಕಾಣಬೇಕು, ಮೊಟ್ಟೆಯಂತೆ ಕಂಡರೆ ಕ್ಯಾಮೆರಾ ಓರೆಯಾಗಿತ್ತು ಎಂದರ್ಥ.

ಈಗ ಒಂದು ಪುಟ್ಟ ಲೆಕ್ಕ. ಕಾರಿನ ಭಾರದಲ್ಲಿ ಶೇ 48 ಮುಂದಿನ ಚಕ್ರಗಳ ಮೇಲೆ, ಶೇ 52 ಹಿಂದಿನವುಗಳ ಮೇಲೆ. ಹಾಗಾದರೆ ಭಾರಕೇಂದ್ರ ಮುಂದಿನ ಅಚ್ಚಿನಿಂದ ಚಕ್ರಾಂತರದ ಶೇ 52ರಷ್ಟು ಹಿಂದೆ ಇರಬೇಕು. ಹಾಳೆಯ ಮೇಲೆ 142.7 ಮಿಲಿಮೀಟರ್. ನಟ್ಟನಡುವಿನಿಂದ ಬರೀ ಐದೂವರೆ ಮಿಲಿಮೀಟರ್ ಹಿಂದಕ್ಕೆ. ಅಲ್ಲಿ ಚಿಕ್ಕದೊಂದು ಅಡ್ಡಗುರುತು ಹಾಕಿ. ಇಡೀ ಚಿತ್ರ ಈ ಗುರುತಿನ ಸುತ್ತ ಬೆಳೆಯುತ್ತದೆ.

ಬ್ಯಾಟರಿ: ಚಿತ್ರದ ಹೊಟ್ಟೆ

ಈ ಹಂತದಲ್ಲಿ ಅವಸರ ಮಾಡಬೇಡಿ. ಮಾಮೂಲಿ ವಿದ್ಯುತ್ ಕಾರಿನಲ್ಲಿ ಬ್ಯಾಟರಿಯನ್ನು ಹಾಸಿಗೆಯಂತೆ ತಳದಲ್ಲಿ ಹಾಸಿ, ಅದರ ಮೇಲೆ ಸೀಟು ಇಡುತ್ತಾರೆ. ಇಲ್ಲಿಯೂ ಹಾಗೆ ಮಾಡಿ ನೋಡಿ. ನೆಲದಿಂದ ತಳಕ್ಕೆ ಒಂದು 12 ಸೆಂಟಿಮೀಟರ್ ಎಂದುಕೊಳ್ಳಿ, ಬ್ಯಾಟರಿ ಹಾಸಿಗೆ 14, ಸೀಟಿನ ದಪ್ಪ 6, ನೆಟ್ಟಗೆ ಕುಳಿತ ಮನುಷ್ಯನ ನಡುವಿನಿಂದ ನೆತ್ತಿಯವರೆಗೆ 90. ಕೂಡಿಸಿದರೆ 122 ಸೆಂಟಿಮೀಟರ್. ಕಾರಿನ ಒಟ್ಟು ಎತ್ತರವೇ 120.8. ಚಾವಣಿಯ ದಪ್ಪ, ಹೆಲ್ಮೆಟ್ಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನನ್ನ ಮೊದಲ ಚಿತ್ರದಲ್ಲಿ ಚಾಲಕನ ತಲೆ ಹೊರಗೆ ಬಂದದ್ದು ಇದೇ ಕಾರಣಕ್ಕೆ.

ಇದಕ್ಕೆ ನೆವೆರಾ ಕಟ್ಟಿದವರು ಕಂಡುಕೊಂಡ ಉತ್ತರವನ್ನು ಮೇಲ್ನೋಟದಲ್ಲಿ ಬರೆಯಬೇಕು. ಇಂಗ್ಲಿಷಿನ 'ಎಚ್' ಅಕ್ಷರವನ್ನು ಹಾಗೇ ನೆಟ್ಟಗೆ ಬರೆಯಿರಿ. ಒಂದು ತೋಳು ಸೀಟುಗಳ ಹಿಂದೆ, ಇನ್ನೊಂದು ಮುಂದೆ, ಎರಡನ್ನೂ ಕೂಡಿಸುವ ಸುರಂಗ ಇಬ್ಬರು ಕೂರುವವರ ನಡುವೆ. ಎರಡು ಕಡೆಯ ಖಾಲಿ ಕಚ್ಚುಗಳಲ್ಲಿ ಸೀಟುಗಳು ತಳಕ್ಕೆ ತಾಗುವಂತೆ ಇಳಿಯುತ್ತವೆ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ದಂಡ ಈ ಕಾರಿನಲ್ಲಿ ಇಲ್ಲವಾದ್ದರಿಂದ ಆ ಸುರಂಗ ಪೂರ್ತಿಯಾಗಿ ಬ್ಯಾಟರಿಗೆ ಸಿಕ್ಕಿದೆ. ಒಟ್ಟು 6,960 ಕೋಶಗಳು, 120 ಕಿಲೋವ್ಯಾಟ್ ಅವರ್. ಬೆನ್ನನ್ನು ಹಿಂದಕ್ಕೆ ವಾಲಿಸಿ ಮನುಷ್ಯನನ್ನು ಬರೆಯಿರಿ. ಈಗ ತಲೆಗೂ ಚಾವಣಿಗೂ ನಡುವೆ ಗಾಳಿ ಆಡುತ್ತದೆ. ನಾನು ಮಾಡಿದ ಈ ಸೆಂಟಿಮೀಟರ್ ಲೆಕ್ಕ ಬರೀ ಅಂದಾಜಿನದು. ಆದರೆ ಈ ಅಂದಾಜು ಲೆಕ್ಕವನ್ನು ಹಾಳೆಯ ಅಂಚಿನಲ್ಲಿ ನೀವೇ ಮಾಡಿದರೆ ಎಚ್ ಆಕಾರ ಎಂದಿಗೂ ಮರೆಯುವುದಿಲ್ಲ.

ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಬರೆದಿಡಿ. ನಾಲ್ಕು ಮೋಟಾರುಗಳ ಒಟ್ಟು ಸಾಮರ್ಥ್ಯ 1.4 ಮೆಗಾವ್ಯಾಟ್, ಅಂದರೆ 1,914 ಅಶ್ವಶಕ್ತಿ. 120 ಕಿಲೋವ್ಯಾಟ್ ಅವರ್ ಬ್ಯಾಟರಿಯಿಂದ 1,400 ಕಿಲೋವ್ಯಾಟ್ ಎಡೆಬಿಡದೆ ಎಳೆದರೆ ಐದೇ ನಿಮಿಷದಲ್ಲಿ ಬರಿದು. ಅಷ್ಟು ವೇಗವಾಗಿ ಶಕ್ತಿಯನ್ನು ಹೊರಗೆಳೆದಾಗ ಕೋಶಗಳು ಬಿಸಿಯಾಗುತ್ತವೆ, ಬಿಸಿಯಾದರೆ ಬಲ ಕುಸಿಯುತ್ತದೆ. ಹಾಗಾಗಿ ಬ್ಯಾಟರಿ ಬರೆದ ಮೇಲೆ ತಂಪು ದ್ರವದ ಕೊಳವೆಗಳನ್ನು ನೀಲಿ ಪೆನ್ಸಿಲಿನಲ್ಲಿ ಮೂತಿಯ ರೇಡಿಯೇಟರ್ ಕಡೆಗೆ ಎಳೆಯಿರಿ. ಹೊರಮೈಯಲ್ಲಿ ಕಾಣುವ ಪ್ರತಿಯೊಂದು ತೂತಿಗೂ ಇಲ್ಲಿಂದಲೇ ಕಾರಣ ಹುಟ್ಟುತ್ತದೆ.

ಬ್ಯಾಟರಿಯೇ ಮೊದಲು ಎಂಬುದು ಮಾಟೆ ರಿಮಾಟ್ಸ್ ಅವರ ಬದುಕಿನಲ್ಲಿಯೂ ನಡೆದ ಕತೆ. 1988ರಲ್ಲಿ ಬೋಸ್ನಿಯಾದ ಲಿವ್ನೊದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಬಾಲ್ಯ ಕಳೆದು, ಕ್ರೊಯೇಷಿಯಾದ ಸಮೊಬೋರ್‌ಗೆ ಬಂದ ಹುಡುಗ. 1984ರ ಹಳೆಯ ಬಿಎಂಡಬ್ಲ್ಯು ಕಾರು ಕೊಂಡು ರೇಸಿಗೆ ಒಯ್ದರು, ಅದರ ಪೆಟ್ರೋಲ್ ಎಂಜಿನ್ ಸಿಡಿಯಿತು. ಆ ಜಾಗದಲ್ಲಿ ವಿದ್ಯುತ್ ಮೋಟಾರು ಕೂರಿಸಿ, 2011ರಲ್ಲಿ ಅದೇ ಕಾರಿನಿಂದ ವಿದ್ಯುತ್ ಕಾರುಗಳ ವೇಗವರ್ಧನೆಯ ವಿಶ್ವದಾಖಲೆಗಳನ್ನು ಬರೆದರು. ಕಂಪನಿ ಶುರುವಾದದ್ದು 2009ರಲ್ಲಿ. 2011ರ ಫ್ರಾಂಕ್‌ಫರ್ಟ್ ಮೋಟಾರ್ ಪ್ರದರ್ಶನದಲ್ಲಿ ಕಾನ್ಸೆಪ್ಟ್ ಒನ್ ಎಂಬ ಮೊದಲ ಕಾರು ಕಂಡಿತು. ಅದನ್ನು ಕಟ್ಟಿದ್ದು ಬರೀ ಎಂಟು. ಎಂಟು ಕಾರು ಮಾರಿ ಕಾರ್ಖಾನೆ ನಡೆಯುವುದಿಲ್ಲ. ಹಣ ಹಾಕಲು ಬಂದ ಅಬುಧಾಬಿಯವರು ಕಂಪನಿ ಅಲ್ಲಿಗೆ ಬರಲಿ ಎಂದಾಗ ರಿಮಾಟ್ಸ್ ಒಪ್ಪಲಿಲ್ಲ. ಕ್ರೊಯೇಷಿಯಾದಲ್ಲೇ ಉಳಿದು, ಬೇರೆಯವರ ಕಾರುಗಳಿಗೆ ಬ್ಯಾಟರಿ, ನಿಯಂತ್ರಣ ಪೆಟ್ಟಿಗೆ, ಮೋಟಾರು ಮಾಡಿಕೊಟ್ಟು ಅನ್ನ ಸಂಪಾದಿಸಿದರು. ಸ್ವೀಡನ್ನಿನ ಕೋನಿಗ್‌ಸೆಗ್ ರೆಗೆರಾ, ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ವಾಲ್ಕಿರಿ ಕಾರುಗಳ ಬ್ಯಾಟರಿ ಇವರದೇ ಕೈಕೆಲಸ. 2018ರಲ್ಲಿ ಪೋರ್ಷೆ ಪಾಲುದಾರನಾಗಿ ಬಂತು, 2019ರಲ್ಲಿ ಹ್ಯುಂಡೈ ಮತ್ತು ಕಿಯಾ ಸೇರಿ 8 ಕೋಟಿ ಯೂರೋ ಹೂಡಿದವು.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ: ಇಡೀ ಯಂತ್ರ ಕಟ್ಟುವ ಆಸೆಯಿದ್ದರೆ ಮೊದಲು ಅದರ ಒಂದು ಭಾಗವನ್ನು, ಬೇರೆಯವರು ದುಡ್ಡು ಕೊಟ್ಟು ಒಯ್ಯುವಷ್ಟು ಚೆನ್ನಾಗಿ, ಮಾಡಲು ಕಲಿಯಿರಿ.

ನಾಲ್ಕು ಮೋಟಾರು, ಒಂದು ಚಿಪ್ಪು

ಮೇಲ್ನೋಟದಲ್ಲಿ ಪ್ರತಿ ಚಕ್ರದ ಒಳಪಕ್ಕಕ್ಕೆ ಒಂದೊಂದು ಮೋಟಾರು ಬರೆಯಿರಿ. ಚಕ್ರದ ಒಳಗೆ ಅಲ್ಲ, ಅದು ಹಲವರು ಮಾಡುವ ತಪ್ಪು. ಮೋಟಾರು ಕಾರಿನ ಮೈಯಲ್ಲಿ ಇರುತ್ತದೆ, ಚಿಕ್ಕ ದಂಡದ ಮೂಲಕ ಚಕ್ರವನ್ನು ತಿರುಗಿಸುತ್ತದೆ. ನಾಲ್ಕೂ ಸ್ವತಂತ್ರ. ಎಡತಿರುವಿನಲ್ಲಿ ಬಲಚಕ್ರಕ್ಕೆ ಹೆಚ್ಚು ನೂಕು, ಎಡಕ್ಕೆ ಕಡಿಮೆ, ಬೇಕಾದರೆ ಎಡಕ್ಕೆ ತಡೆ. ಈ ಹಂಚಿಕೆಯನ್ನು ಕಂಪ್ಯೂಟರು ಸೆಕೆಂಡಿಗೆ 100ಕ್ಕೂ ಹೆಚ್ಚು ಬಾರಿ ಲೆಕ್ಕ ಹಾಕುತ್ತದೆ. ನಾಲ್ಕು ಚಕ್ರಗಳಿಂದಲೂ ಬೇರೆ ಬೇರೆ ಉದ್ದದ ಬಾಣಗಳನ್ನು ಎಳೆದರೆ ಈ ಸಂಗತಿ ಕಣ್ಣಿಗೆ ಕಟ್ಟುತ್ತದೆ.

ಆಮೇಲೆ ಇದೆಲ್ಲವನ್ನೂ ಹಿಡಿದುಕೊಳ್ಳುವ ಕಾರ್ಬನ್ ನಾರಿನ ಚಿಪ್ಪು. ಅದರ ತೂಕ 200 ಕಿಲೋಗ್ರಾಮಿಗಿಂತ ಕಡಿಮೆ. ಬ್ಯಾಟರಿ ಈ ಚಿಪ್ಪಿನೊಳಗೆ ಬರೀ ಸಾಮಾನಿನಂತೆ ಕುಳಿತಿಲ್ಲ, ಚಿಪ್ಪಿನ ಬಿಗುವಿಗೆ ಅದೂ ಹೆಗಲು ಕೊಡುತ್ತದೆ. ಆದ್ದರಿಂದ ಬ್ಯಾಟರಿಯ ಹೊರಗೆರೆಯನ್ನೂ ಚಿಪ್ಪಿನ ಗೆರೆಯನ್ನೂ ಒಂದೇ ದಪ್ಪದಲ್ಲಿ ತಿದ್ದಿ.

ಸೊಂಟದಲ್ಲಿ ಒಂದು ಟೈ

ಈಗ ಚರ್ಮ. ಅಚ್ಚುಗಳು, ಬ್ಯಾಟರಿ, ಕುಳಿತ ಮನುಷ್ಯ ಎಲ್ಲ ಹಾಳೆಯ ಮೇಲಿರುವಾಗ ಹೊರಗೆರೆ ತಾನಾಗಿ ಬರುತ್ತದೆ. ಮೂತಿ ತಗ್ಗಿನಿಂದ ಎದ್ದು, ಮನುಷ್ಯನ ನೆತ್ತಿಯ ಮೇಲೆ ಅತಿ ಎತ್ತರ ಮುಟ್ಟಿ, ಹಿಂದಕ್ಕೆ ನಿಧಾನವಾಗಿ ಇಳಿಯುವ ಒಂದೇ ಬಾಗು. ಬಾಗುಗೆರೆ ಎಳೆಯುವ ಅಚ್ಚುಪಟ್ಟಿಯಾದ ಫ್ರೆಂಚ್ ಕರ್ವ್ ಬಳಸಿ, ಆದರೆ ಮೂರು ತುಂಡಿಗಿಂತ ಹೆಚ್ಚು ಜೋಡಿಸಬೇಡಿ. ಬಾಗಿಲು ಚಿಟ್ಟೆಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತದೆ, ಚಾವಣಿಯ ಒಂದು ಪಾಲನ್ನೂ ಹೊಸ್ತಿಲಿನ ಒಂದು ಪಾಲನ್ನೂ ತನ್ನೊಡನೆ ಎತ್ತಿಕೊಳ್ಳುತ್ತದೆ. ಕಾರು ಇಷ್ಟು ತಗ್ಗಾಗಿರುವಾಗ ಒಳಗೆ ಇಳಿಯಲು ಬೇರೆ ದಾರಿಯಿಲ್ಲ. ಆ ಸೀಳುಗೆರೆಯನ್ನು ಚಾವಣಿಯವರೆಗೂ ಒಯ್ಯಿರಿ.

ಬಾಗಿಲಿನ ಹಿಂದೆ, ಹಿಂಚಕ್ರದ ಮುಂದೆ ಇರುವ ಗಾಳಿದಾರಿಯ ಬಳಿ ಪೆನ್ಸಿಲನ್ನು ನಿಲ್ಲಿಸಿ ಚೆನ್ನಾಗಿ ನೋಡಿ. ಗಾಜಿನ ಹಿಂದಿನಿಂದ ಇಳಿದು ಬರುವ ಗೆರೆ ಒಂದು ಕಡೆ ಕಿರಿದಾಗಿ ಮತ್ತೆ ಅಗಲವಾಗುತ್ತದೆ. ಅದು ಕೊರಳಿಗೆ ಕಟ್ಟುವ ಟೈನ ಆಕಾರ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿಗೆ ಕಾದಾಡಲು ಹೋದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಫ್ರೆಂಚರು ಅದನ್ನು ಮೆಚ್ಚಿ ತಾವೂ ಕಟ್ಟಿದರು. ಕ್ರೊಯೇಷಿಯನ್ನರು ತಮ್ಮನ್ನು 'ಹ್ರ್ವಾತ್' ಎಂದು ಕರೆದುಕೊಳ್ಳುತ್ತಾರೆ, ಫ್ರೆಂಚರ ಬಾಯಲ್ಲಿ ಅದೇ 'ಕ್ರವಾತ್' ಆಯಿತು. 2003ರ ಅಕ್ಟೋಬರ್ 18ರಂದು ಕ್ರೊಯೇಷಿಯಾದ ಕರಾವಳಿಯ ಪೂಲಾ ನಗರದ ರೋಮನ್ ಕಾಲದ ಅಖಾಡಕ್ಕೇ ದೈತ್ಯ ಕೆಂಪು ಟೈ ಕಟ್ಟಿದ್ದರು. ಮೊದಲ ಕಾನ್ಸೆಪ್ಟ್ ಒನ್ ಕಾರಿನಿಂದಲೂ ಈ ಗುರುತು ಅಲ್ಲಿದೆ. ನನಗೆ ಹಿಡಿಸಿದ್ದು ಅದರ ಮರ್ಯಾದೆ. ಧ್ವಜದ ಬಣ್ಣ ಬಳಿದಿಲ್ಲ, ಚೌಕುಳಿ ಲಾಂಛನ ಅಂಟಿಸಿಲ್ಲ. ಹೇಗಿದ್ದರೂ ಗಾಳಿ ಒಳಗೆ ಬರಬೇಕಾಗಿತ್ತು, ಆ ಬಾಯಿಗೆ ತಮ್ಮ ನೆಲದ ಆಕಾರ ಕೊಟ್ಟರು. ಅಲಂಕಾರಕ್ಕೂ ವಿನ್ಯಾಸಕ್ಕೂ ಇರುವ ವ್ಯತ್ಯಾಸ ಕೇಳುವವರಿಗೆ ಈ ಒಂದು ಮೂಲೆಯನ್ನು ತೋರಿಸುತ್ತೇನೆ. ಇದೊಂದನ್ನು 1:2 ಸ್ಕೇಲಿನಲ್ಲಿ ಬೇರೆ ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ, ಒಂದು ಸಂಜೆ ಅದಕ್ಕೆ ಕೊಟ್ಟರೆ ನಷ್ಟವಿಲ್ಲ.

ಪೂಲಾ ಎಂದ ಮೇಲೆ ಇನ್ನೊಂದು ಮಾತು ಹೇಳದಿರಲಾರೆ. 1856ರಲ್ಲಿ ಶುರುವಾದ ಉಲ್ಯಾನಿಕ್ ಎಂಬ ಹಡಗುಕಟ್ಟೆ ಆ ಊರಿನ ಬೆನ್ನೆಲುಬಾಗಿತ್ತು. 2019ರಲ್ಲಿ ಅದು ದಿವಾಳಿಯಾಯಿತು. ಕೆಲವೇ ಕಿಲೋಮೀಟರ್ ದೂರದ ವೊದ್ನ್ಯಾನ್ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ ಹುಟ್ಟಿದ ಇನ್ಫೊಬಿಪ್ ಎಂಬ ಸಂದೇಶ ಸೇವೆಯ ಕಂಪನಿ 2020ರಲ್ಲಿ ಶತಕೋಟಿ ಡಾಲರ್ ಬೆಲೆ ಮುಟ್ಟಿದ ದೇಶದ ಮೊದಲ ನವೋದ್ಯಮವಾಯಿತು. ಒಂದೇ ಕರಾವಳಿಯಲ್ಲಿ ಒಂದು ಮುಳುಗಿ ಇನ್ನೊಂದು ಎದ್ದಿತು. 2021ರ ಜನಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆ 39 ಲಕ್ಷವನ್ನೂ ಮುಟ್ಟಲಿಲ್ಲ. 1991ರಲ್ಲಿ ಸ್ವತಂತ್ರವಾಗಿ, 1995ರವರೆಗೆ ಯುದ್ಧ ಕಂಡ ನಾಡು. ಅಂಥಲ್ಲಿ ಬೆಸುಗೆ, ಲೇಥು, ತಂತಿ ಸುತ್ತುವ ಕಲೆ ಬಲ್ಲ ಕೈಗಳು ದೇಶ ಬಿಟ್ಟು ಹೋಗದೆ ಉಳಿಯುವುದು ಎಷ್ಟು ಮುಖ್ಯ ಎಂಬುದನ್ನು ಕಾರ್ಯಾಗಾರದಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಗಾಳಿಯ ಗೆರೆಗಳು

ಹೊರಮೈ ಮುಗಿದ ಮೇಲೆ ಚಲಿಸುವ ಭಾಗಗಳನ್ನು ತುಂಡುಗೆರೆಯಲ್ಲಿ ತೋರಿಸಿ. ಹಿಂಬದಿಯ ರೆಕ್ಕೆ, ಬಾನೆಟ್ಟಿನ ಮೇಲಿನ ಫಲಕ, ಹೊಟ್ಟೆಯ ಕೆಳಗಿನ ಫಲಕ, ತಳದ ಗಾಳಿಯನ್ನು ಹಿಂದಕ್ಕೆ ಹೊರಬಿಡುವ ಡಿಫ್ಯೂಸರ್ ಇವೆಲ್ಲ ವೇಗಕ್ಕೆ ತಕ್ಕಂತೆ ಕೋನ ಬದಲಿಸುತ್ತವೆ. ಗಾಳಿಯನ್ನು ಸೀಳಿ ಹೋಗಬೇಕಾದಾಗ ತಗ್ಗುತ್ತವೆ, ನೆಲವನ್ನು ಒತ್ತಿ ಹಿಡಿಯಬೇಕಾದಾಗ ಏಳುತ್ತವೆ. ಬ್ರೇಕ್ ಒತ್ತಿದಾಗ ಹಿಂದಿನ ರೆಕ್ಕೆ ಗೋಡೆಯಂತೆ ನಿಲ್ಲುತ್ತದೆ. ಒಂದೇ ಚಿತ್ರದಲ್ಲಿ ಎರಡು ಸ್ಥಿತಿಗಳನ್ನೂ ತೋರಿಸಬೇಕು, ಇಲ್ಲವಾದರೆ ಇದು ನಿಂತ ಕಾರಿನ ಚಿತ್ರ ಮಾತ್ರ. ಗಂಟೆಗೆ 412 ಕಿಲೋಮೀಟರ್ ಮುಟ್ಟಿದ ಕಾರು ಇದು. 2023ರಲ್ಲಿ ಜರ್ಮನಿಯ ಪಾಪೆನ್‌ಬುರ್ಗ್ ಪರೀಕ್ಷಾಪಥದಲ್ಲಿ ಒಂದೇ ದಿನ 23 ದಾಖಲೆ ಬರೆಯಿತು. ನಿಂತಲ್ಲಿಂದ 400ಕ್ಕೆ ಹೋಗಿ ಮತ್ತೆ ನಿಲ್ಲಲು ಅದಕ್ಕೆ 30 ಸೆಕೆಂಡ್ ಕೂಡ ಬೇಕಾಗಲಿಲ್ಲ.

ಕಣ್ಣಾರೆ ನೋಡಲು ಹೋಗುವವರಿಗೆ

ಚಿತ್ರ ಮುಗಿಸಿದ ಮೇಲೆ ನಾನು ಝಾಗ್ರೆಬ್‌ಗೆ ಹೋದೆ. ಹೋಗುವುದಾದರೆ ನಿಮ್ಮ ಹಾಳೆಯನ್ನು ಸುರುಳಿ ಸುತ್ತಿ ಜೊತೆಗೆ ಒಯ್ಯಿರಿ. 2023ರ ಜನವರಿಯಿಂದ ಅಲ್ಲಿ ಯೂರೋ ಚಲಾವಣೆಯಲ್ಲಿದೆ, ಷೆಂಗೆನ್ ವೀಸಾ ನಡೆಯುತ್ತದೆ. ಅದಕ್ಕೂ ಮೊದಲು ಅವರ ಹಣ ಕೂನಾ. 2021ರಲ್ಲಿ ನೆವೆರಾದ ಬೆಲೆಯನ್ನು 20 ಲಕ್ಷ ಯೂರೋ ಎಂದು ಸಾರಿದಾಗ ಆ ದೇಶದ ಜೇಬಿನ ಲೆಕ್ಕದಲ್ಲಿ ಅದು ಸುಮಾರು ಒಂದೂವರೆ ಕೋಟಿ ಕೂನಾ. ಕಟ್ಟುವುದೇ ಬರೀ 150 ಕಾರು. ಆದ್ದರಿಂದ ಬೀದಿಯಲ್ಲಿ ಒಂದನ್ನು ಕಂಡೇ ಕಾಣುತ್ತೇನೆ ಎಂಬ ಹಟ ಇಟ್ಟುಕೊಂಡು ಹೋಗಬೇಡಿ.

ಮೊದಲು ಟ್ರಾಮ್ ಹತ್ತಿ. ನೀಲಿ ಬಣ್ಣದ, ತಗ್ಗಿನ ನೆಲದ ಟಿಎಂಕೆ 2200 ಮಾದರಿಯನ್ನೇ ಕಾದು ಹತ್ತಿ. ಕೊನ್ಚಾರ್ ಮತ್ತು ಗ್ರೆದೆಲ್ ಎಂಬ ಝಾಗ್ರೆಬ್‌ನ ಕಂಪನಿಗಳು ಸೇರಿ 2005ರಿಂದ ಇವನ್ನು ಕಟ್ಟಿವೆ. ನೆಲ ರಸ್ತೆಯ ಮಟ್ಟಕ್ಕೆ ಇಳಿದಿದೆ, ಮುದುಕಿಯೊಬ್ಬರು ತರಕಾರಿಯ ಕೈಗಾಡಿಯನ್ನು ಎತ್ತದೆ ಹಾಗೇ ಉರುಳಿಸಿಕೊಂಡು ಬಂದರು. ಹಾಗಾದರೆ ವಿದ್ಯುತ್ ಉಪಕರಣಗಳೆಲ್ಲ ಎಲ್ಲಿ ಹೋದವು ಎಂದು ಇಳಿದು ನೋಡಿದೆ. ಚಾವಣಿಯ ಮೇಲೆ ಸಾಲಾಗಿ ಕುಳಿತಿದ್ದವು. ಮನುಷ್ಯನನ್ನು ತಗ್ಗಿನಲ್ಲಿ ಕೂರಿಸಲು ಯಂತ್ರವನ್ನು ಬೇರೆಡೆಗೆ ಸರಿಸುವ ಅದೇ ಯೋಚನೆ. ಕಾರಿನಲ್ಲಿ ಎಚ್ ಆಕಾರವಾಗಿ ಬಂದದ್ದು ಟ್ರಾಮಿನಲ್ಲಿ ಚಾವಣಿಗೆ ಏರಿತ್ತು. ನಿಲ್ದಾಣದಲ್ಲೇ ನಿಂತು ಅದರ ಪಕ್ಕನೋಟವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಸಾವ್ಸ್ಕಾ ರಸ್ತೆಯಲ್ಲಿ ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಹೆಸರಿನ ತಾಂತ್ರಿಕ ವಸ್ತುಸಂಗ್ರಹಾಲಯವಿದೆ, 1963ರಲ್ಲಿ ಜನರಿಗೆ ತೆರೆದದ್ದು. ಹೊರಡುವ ಮೊದಲು ಯಾವ ವಿಭಾಗಗಳು ತೆರೆದಿವೆ ಎಂದು ವಿಚಾರಿಸಿಕೊಳ್ಳಿ. ಮರದ ಬೃಹತ್ ಮಂಟಪದಂಥ ಕಟ್ಟಡ. ಪುಟ್ಟ ಜಲಾಂತರ್ಗಾಮಿಯೊಂದು ನಿಜ ಗಾತ್ರದಲ್ಲೇ ಅಲ್ಲಿದೆ. ಅದರ ಪಕ್ಕದಲ್ಲಿ ನಿಂತಾಗ, ಇಕ್ಕಟ್ಟಿನಲ್ಲಿ ಬ್ಯಾಟರಿಯನ್ನೂ ಮನುಷ್ಯನನ್ನೂ ಒಟ್ಟಿಗೆ ತುಂಬುವ ಕಷ್ಟ ಎಷ್ಟು ಹಳೆಯದು ಎನಿಸಿತು. ಟೆಸ್ಲಾ ಹುಟ್ಟಿದ ಸ್ಮಿಲ್ಯಾನ್ ಹಳ್ಳಿ ಗೊಸ್ಪಿಚ್ ಎಂಬ ಊರಿನ ಬಳಿ ಇದೆ. 1856ರಲ್ಲಿ ಅವರು ಅಲ್ಲಿ ಹುಟ್ಟಿದಾಗ ಆ ನೆಲ ಆಸ್ಟ್ರಿಯಾ ಸಾಮ್ರಾಜ್ಯದ್ದು, ಈಗ ಅಲ್ಲಿ ಸ್ಮಾರಕ ಕೇಂದ್ರವಿದೆ. ಸಮಯ ಇದ್ದರೆ ಮಾತ್ರ ಹೋಗಿ, ದಾರಿ ದೂರ.

ಸ್ವೇತಾ ನೆದೆಲ್ಯಾ ಝಾಗ್ರೆಬ್‌ನ ಪಶ್ಚಿಮಕ್ಕೆ, ಸಮೊಬೋರ್ ಕಡೆಗೆ ಹೋಗುವಾಗ ಸಿಗುತ್ತದೆ. ಅಲ್ಲಿನ ಕೆರೆಸ್ತಿನೆಟ್ಸ್ ಎಂಬ ಹಳ್ಳಿಯ ಬಳಿ ಕಂಪನಿಯ ಹೊಸ ಆವರಣ, ವಿನ್ಯಾಸ ಝಾಗ್ರೆಬ್‌ನ 3ಎಲ್‌ಎಚ್‌ಡಿ ಎಂಬ ವಾಸ್ತುಶಿಲ್ಪಿಗಳ ತಂಡದ್ದು. ನಾನು ಒಳಗೆ ಹೋಗಲಿಲ್ಲ, ರಸ್ತೆ ಬದಿಯಲ್ಲಿ ಒಂದು ಮಧ್ಯಾಹ್ನ ನಿಂತೆ. ಸಾಮಾನ್ಯ ಕಾರುಗಳ ಸಾಲಿನ ನಡುವೆ ಒಂದು ಅಗಲವಾದ ನೆರಳು ಬಂತು. ಸದ್ದು ಎಂದರೆ ಹೊಲಿಗೆ ಯಂತ್ರದ ಸಣ್ಣ ಸುಯ್ಲು, ಟೈರು ಟಾರಿಗೆ ಉಜ್ಜುವ ಮೊರೆತ. ದಾಟಿ ಹೋದ ಎರಡು ಸೆಕೆಂಡಿನಲ್ಲಿ ನನ್ನ ಕಣ್ಣು ಹುಡುಕಿದ್ದು ಮೂತಿಯನ್ನಲ್ಲ, ಸೊಂಟದ ಟೈಯನ್ನು. ನಾನು ಬರೆದದ್ದಕ್ಕಿಂತ ಅದರ ಗಂಟು ಒಂದಿಷ್ಟು ಮುಂದಕ್ಕಿತ್ತು. ಅಂದು ರಾತ್ರಿ ಕೋಣೆಯಲ್ಲಿ ಹಾಳೆ ಬಿಚ್ಚಿ ಎರಡು ಮಿಲಿಮೀಟರ್ ಸರಿಸಿದೆ.

ಈಗ ಬಲಗಡೆಯ ಪಟ್ಟಿಯಲ್ಲಿ ಟೈಟಲ್ ಬ್ಲಾಕ್ ತುಂಬಿಸಿ. ವಸ್ತು ನೆವೆರಾ, ಕಟ್ಟಿದ ಊರು ಸ್ವೇತಾ ನೆದೆಲ್ಯಾ, ಸ್ಕೇಲು 1:10, ಬರೆದವರ ಹೆಸರು, ತಾರೀಖು. ಆಮೇಲೆ ಹೊಸ ಹಾಳೆ ಹಾಸಿ. 2021ರಲ್ಲಿ ಬುಗಾಟಿ ಎಂಬ ಹಳೆಯ ಕಾರು ಕಂಪನಿಯನ್ನೂ ಸೇರಿಸಿಕೊಂಡು ಬುಗಾಟಿ ರಿಮಾಟ್ಸ್ ಎಂಬ ಕಂಪನಿಯಾಯಿತಷ್ಟೆ, 2024ರಲ್ಲಿ ಅದು ತೋರಿಸಿದ ಟೂರ್ಬಿಯೋನ್ ಎಂಬ ಕಾರು ಮುಂದಿನ ಅಭ್ಯಾಸ. ಅದರಲ್ಲಿ 25 ಕಿಲೋವ್ಯಾಟ್ ಅವರ್ ಬ್ಯಾಟರಿ, ಮೂರು ವಿದ್ಯುತ್ ಮೋಟಾರು, ಜೊತೆಗೆ ಹದಿನಾರು ಸಿಲಿಂಡರಿನ 8.3 ಲೀಟರ್ ಪೆಟ್ರೋಲ್ ಎಂಜಿನ್. ಅಲ್ಲಿ ಮೊದಲ ಗೆರೆ ಬ್ಯಾಟರಿಯದ್ದಲ್ಲ, ಹಿಂದಿನ ಅಚ್ಚಿನ ಮುಂದೆ ಮಲಗಿರುವ ಆ ಉದ್ದನೆಯ ಎಂಜಿನ್ನಿನದು. ಅದನ್ನು ಇಟ್ಟ ಮೇಲೆ ಮನುಷ್ಯನಿಗೆ ಎಷ್ಟು ಜಾಗ ಉಳಿಯಿತು ಎಂದು ಅಳೆದು ಮುಂದುವರಿಯಿರಿ.